ಆನ್‌ಸ್ಲಾಟ್ ಎಂಬುದಕ್ಕೆ ದಾಳಿ ಎಂದರೆ ಸಾಕೇ? ಹಲ್ಲೆ, ಲಗ್ಗೆ, ಎರಗು, ಹಾಯುಗಳ ಬಗ್ಗೆ ಒಂದು ಚರ್ಚೆ

ಧಾರವಾಡದ ಇಂಗ್ಲಿಷ್ ಶಿಕ್ಷಕಿ:

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೋದ ವಾರ ಒಂಬತ್ತನೆಯ ತರಗತಿಯ ಮಕ್ಕಳಿಗೆ, ತಾವು ಕಣ್ಣಾರೆ ಕಂಡ ಒಂದು ಘಟನೆಯನ್ನು ಇಂಗ್ಲಿಷಿನಲ್ಲಿ ಬರೆದು ತರಲು ಹೇಳಿದ್ದೆ. ಸಂಜೆ ಹಾಲು ತರಲು ಹೋದಾಗ ಓಣಿಯ ನಾಯಿಯೊಂದು ತನ್ನ ತಮ್ಮನ ಮೇಲೆ ಬಿದ್ದ ಸಂಗತಿಯನ್ನು ಒಬ್ಬ ಹುಡುಗ ಬರೆದಿದ್ದ. ಅವನ ಪಟ್ಟಿಯಲ್ಲಿ ಆ ಒಂದು ವಾಕ್ಯದ ಜಾಗದಲ್ಲಿ ಮಾತ್ರ ಕಾಗದ ರಬ್ಬರಿನಿಂದ ಉಜ್ಜಿ ಉಜ್ಜಿ ತೆಳ್ಳಗಾಗಿತ್ತು. ಮೊದಲು ಬರೆದಿದ್ದ ಅಟ್ಯಾಕ್ ಎಂಬ ಪದ ಅಳಿಸಿದ ಮೇಲೂ ಮಸುಕಾಗಿ ಕಾಣುತ್ತಿತ್ತು. ಅದರ ಮೇಲೆ ಒತ್ತಿ ಬರೆದ ವಾಕ್ಯ ಹೀಗಿತ್ತು: ‘ದಿ ಡಾಗ್ ಆನ್‌ಸ್ಲಾಟೆಡ್ ಆನ್ ಮೈ ಬ್ರದರ್.’

ಕರೆದು ಕೇಳಿದೆ. ಅಟ್ಯಾಕ್ ಎಂದರೆ ಸಾಲದು ಅನ್ನಿಸಿತು, ನಿಘಂಟಿನಲ್ಲಿ ನೋಡಿದಾಗ ಆನ್‌ಸ್ಲಾಟ್ ಎಂದರೆ ಭೀಕರ ದಾಳಿ ಎಂದಿತ್ತು, ಅದಕ್ಕೇ ಬರೆದೆ ಎಂದ. ಹಾಗಾದರೆ ಕನ್ನಡದಲ್ಲಿ ಹೇಳು, ನಾಯಿ ಏನು ಮಾಡಿತು ಎಂದೆ. ಅವನು ತಡವರಿಸದೆ, “ಮೈಮ್ಯಾಲೆ ಏರಿ ಬಂತ್ರಿ ಟೀಚರ್” ಎಂದ.

ಅವನ ಕನ್ನಡ ಎಷ್ಟು ಖಚಿತವಾಗಿತ್ತೆಂದರೆ, ಅವನ ಇಂಗ್ಲಿಷನ್ನು ಕೆಂಪು ಶಾಯಿಯಲ್ಲಿ ತಿದ್ದಲು ನನಗೆ ಕೈ ಬರಲಿಲ್ಲ. ತಪ್ಪಿನ ಮೂಲ ಅವನಲ್ಲಿ ಇರಲಿಲ್ಲ, ನಾವು ಅವನ ಕೈಗೆ ಕೊಟ್ಟಿರುವ ಅರ್ಥಗಳಲ್ಲಿ ಇತ್ತು. ಅಟ್ಯಾಕ್, ಅಸಾಲ್ಟ್, ಆನ್‌ಸ್ಲಾಟ್, ರೇಡ್, ಬ್ಲಿಟ್ಜ್, ಬ್ಯಾರೇಜ್ ಎಂಬ ಆರು ಪದಗಳಿಗೂ ನಮ್ಮ ಶಾಲಾ ನಿಘಂಟುಗಳು ದಾಳಿ, ಆಕ್ರಮಣ, ಹಲ್ಲೆ ಎಂಬ ಮೂರನ್ನೇ ತಿರುವಿ ಹಾಕುತ್ತವೆ. ಈ ಪದಗಳ ನಡುವಿನ ಅಂತರವನ್ನು ಮಕ್ಕಳಿಗೆ ಕನ್ನಡದ ಮೂಲಕವೇ ತಿಳಿಸಲು ಸಾಧ್ಯವೇ? ಬಲ್ಲವರು ದಯವಿಟ್ಟು ಬರೆಯಬೇಕು.

ಹುಬ್ಬಳ್ಳಿಯ ಅನುವಾದಕ:

ಸಾಧ್ಯವಿದೆ. ಆದರೆ ಪದಗಳನ್ನು ತೀವ್ರತೆಯ ಏಣಿಯ ಮೇಲೆ, ಇದು ಸಣ್ಣ ದಾಳಿ, ಇದು ದೊಡ್ಡ ದಾಳಿ, ಇದು ಭೀಕರ ದಾಳಿ ಎಂದು ನಿಲ್ಲಿಸುವುದನ್ನು ಮೊದಲು ಬಿಡಬೇಕು. ನಿಮ್ಮ ವಿದ್ಯಾರ್ಥಿ ಎಡವಿದ್ದು ಆ ಏಣಿಯ ಮೇಲೆಯೇ. ಈ ಪದಗಳಲ್ಲಿ ಒಂದೊಂದರ ಒಳಗೂ ಒಂದೊಂದು ಮೈಯ ಚಲನೆ ಅಡಗಿದೆ. ಅದನ್ನು ಹಿಡಿದರೆ ಬಳಕೆ ತಾನಾಗಿ ಗೊತ್ತಾಗುತ್ತದೆ.

ಆನ್‌ಸ್ಲಾಟ್ ಪದ 17ನೆಯ ಶತಮಾನದ ಆರಂಭದಲ್ಲಿ ಡಚ್ ಭಾಷೆಯ ಆನ್‌ಸ್ಲಾಖ್ ಎಂಬುದರಿಂದ ಇಂಗ್ಲಿಷಿಗೆ ಬಂದಿತು. ಅಲ್ಲಿ ಆನ್ ಎಂದರೆ ಮೇಲೆ, ಸ್ಲಾಖ್ ಎಂದರೆ ಹೊಡೆತ. ಇಂಗ್ಲಿಷರ ಕಿವಿಗೆ ಅದು ತಮ್ಮಲ್ಲಿ ಆಗಲೇ ಇದ್ದ ಕೊಲೆ ಎಂಬರ್ಥದ ಸ್ಲಾಟ್ ಎಂಬ ಹಳೆಯ ಮಾತಿನಂತೆ ಕೇಳಿಸಿ, ಸ್ಲಾಟರ್ ಪದದ ಕಾಗುಣಿತ ಇದಕ್ಕೂ ಅಂಟಿಕೊಂಡಿತು. ಹೀಗಾಗಿ ನೋಡುವವರಿಗೆ ಇದರೊಳಗೆ ಕೊಲೆ ಕಾಣುತ್ತದೆ. ಮೂಲದಲ್ಲಿ ಇದ್ದದ್ದು ಬಡಿತ ಮಾತ್ರ. ಇಂದಿನ ಬಳಕೆಯಲ್ಲಿ ಅದಕ್ಕೆ ಎರಡು ಗುಣಗಳಿವೆ. ಒಂದು, ಅದು ಒಂದೇ ಏಟಲ್ಲ, ಎದುರಿನವರಿಗೆ ಉಸಿರಾಡಲು ಬಿಡದಂತೆ ಮೇಲಿಂದ ಮೇಲೆ ಬೀಳುವ ಏಟುಗಳು. ಎರಡು, ಅದನ್ನು ಹೆಚ್ಚಾಗಿ ತಡೆದುಕೊಳ್ಳುವವರ ಕಡೆಯಿಂದ ಹೇಳಲಾಗುತ್ತದೆ. ಆನ್‌ಸ್ಲಾಟನ್ನು ತಾಳಿಕೊಂಡರು, ಅದರೆದುರು ಕುಸಿದರು ಎನ್ನುವುದೇ ಅದರ ಸಹಜ ಜಾಗ. ಜಾಹೀರಾತುಗಳ ಆನ್‌ಸ್ಲಾಟ್ ಎನ್ನುತ್ತಾರೆ, ಚಳಿಗಾಲದ ಆನ್‌ಸ್ಲಾಟ್ ಎನ್ನುತ್ತಾರೆ. ಓಣಿಯ ಒಂದು ನಾಯಿ ಒಮ್ಮೆ ಮೈಮೇಲೆ ಬಂದರೆ ಅದು ಎಷ್ಟೇ ಭಯ ಹುಟ್ಟಿಸಿದರೂ ಆನ್‌ಸ್ಲಾಟ್ ಆಗುವುದಿಲ್ಲ. ಅಲ್ಲದೆ ಅದು ನಾಮಪದ ಮಾತ್ರ. ಅದಕ್ಕೆ ಕ್ರಿಯಾರೂಪವಿಲ್ಲ.

ಅಟ್ಯಾಕ್ ಪದದ ಕತೆ ನನಗೆ ಇನ್ನೂ ಪ್ರಿಯವಾದದ್ದು. ಅದು 1600ರ ಸುಮಾರಿಗೆ ಫ್ರೆಂಚಿನ ಮೂಲಕ ಇಟಲಿಯಿಂದ ಬಂದಿತು. ಇಟಾಲಿಯನ್ನಿನ ಅತ್ತಕ್ಕಾರೆ ಎಂದರೆ ಅಂಟಿಸು, ತಗುಲಿಸು. ಅತ್ತಕ್ಕಾರೆ ಬತ್ತಾಲ್ಯ ಎಂದರೆ ಕಾಳಗವನ್ನು ಹಚ್ಚುವುದು. ಇಂಗ್ಲಿಷಿನ ಅಟ್ಯಾಕ್ ಮತ್ತು ಅಟ್ಯಾಚ್ ಒಂದೇ ಬಳ್ಳಿಯ ಎರಡು ಕಾಯಿಗಳು. ಇದನ್ನು ಲಂಡನ್ನಿನಲ್ಲಿ ಹೇಳಿದರೆ ಜನ ಬೆರಗಾದಾರು, ಹುಬ್ಬಳ್ಳಿಯಲ್ಲಿ ಯಾರೂ ಬೆರಗಾಗಬೇಕಿಲ್ಲ. ನಾವು ಗೋಡೆಗೆ ಸುಣ್ಣ ಹಚ್ಚುತ್ತೇವೆ, ಅಂಗಿಗೆ ಗುಂಡಿ ಹಚ್ಚುತ್ತೇವೆ, ಇಬ್ಬರ ನಡುವೆ ಜಗಳವನ್ನೂ ಹಚ್ಚುತ್ತೇವೆ. ಇಟಲಿಯವರು ಕಾಳಗಕ್ಕೆ ಬಳಸಿದ್ದು ಇದೇ ಕ್ರಿಯೆಯನ್ನು.

ಇನ್ನು ನಿಮ್ಮ ಹುಡುಗನ ‘ಆನ್’. ಅದು ನಮ್ಮ ‘ಮೇಲೆ’ಯ ನೆರಳು. ಅವನ ಮೇಲೆ ದಾಳಿ ಮಾಡಿತು ಎಂದು ಯೋಚಿಸಿದವನು ಅಟ್ಯಾಕ್ಡ್ ಆನ್ ಹಿಮ್ ಎಂದೇ ಬರೆಯುತ್ತಾನೆ. ಅಟ್ಯಾಕ್, ಅಸಾಲ್ಟ್, ರೇಡ್ ನಾಮಪದಗಳಾದಾಗ ಆನ್ ಬೇಕು, ಕ್ರಿಯಾಪದಗಳಾದಾಗ ಬೇಡ. ಫಾಲ್ ಅಪಾನ್, ಸೆಟ್ ಅಪಾನ್, ಪೌನ್ಸ್ ಆನ್ ಎಂಬ ಜೋಡಿಪದಗಳಲ್ಲಿ ಮಾತ್ರ ಕ್ರಿಯೆಯ ಜೊತೆಗೂ ಆನ್ ಉಳಿಯುತ್ತದೆ, ಮತ್ತು ಅವು ನಮ್ಮ ಮೇಲೆ ಬೀಳು, ಮೇಲೆರಗು ಎಂಬ ಮಾತುಗಳ ಪಕ್ಕದಲ್ಲಿ ನೇರವಾಗಿ ಕೂರುತ್ತವೆ.

ಹುಬ್ಬಳ್ಳಿಯ ಪತ್ರಿಕಾ ಉಪಸಂಪಾದಕ:

ಅನುವಾದಕರ ಮಾತು ಒಪ್ಪುತ್ತೇನೆ. ಆದರೂ ನಮ್ಮ ಕಷ್ಟವನ್ನು ಹೇಳಬೇಕು. ರಾತ್ರಿ ಹನ್ನೊಂದರ ಹೊತ್ತಿಗೆ ಎರಡು ಕಾಲಮ್ಮಿನ ತಲೆಬರಹಕ್ಕೆ ಜಾಗ ಇಷ್ಟೇ ಎಂದು ಗೊತ್ತಾದಾಗ, ದಾಳಿ ಎಂಬ ಎರಡಕ್ಷರದಷ್ಟು ಉಪಕಾರಿ ಪದ ಇನ್ನೊಂದಿಲ್ಲ. ಉಗ್ರರ ದಾಳಿ, ಕಾಡಾನೆ ದಾಳಿ, ಮಿಡತೆ ದಾಳಿ, ವೈರಸ್ ದಾಳಿ, ಸೈಬರ್ ದಾಳಿ, ಲೋಕಾಯುಕ್ತ ದಾಳಿ: ಎಲ್ಲವೂ ಅದರಲ್ಲೇ ಸಾಗುತ್ತವೆ. ಕನ್ನಡ ಓದುಗರಿಗೆ ಇದರಿಂದ ಗೊಂದಲವಾಗಿಲ್ಲ, ಏಕೆಂದರೆ ದಾಳಿಗೆ ಮೊದಲು ಬರುವ ಪದ ಅರ್ಥವನ್ನು ತಿದ್ದುತ್ತದೆ. ತೊಂದರೆ ಬರುವುದು ಇದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುವಾಗ. ಯಂತ್ರಾನುವಾದದಲ್ಲಿ ಲೋಕಾಯುಕ್ತ ದಾಳಿ ಎಂಬುದು ಲೋಕಾಯುಕ್ತ ಅಟ್ಯಾಕ್ ಎಂದಾಗಿರುವುದನ್ನು ನಾನೇ ಕಂಡಿದ್ದೇನೆ. ಅದು ರೇಡ್ ಆಗಬೇಕು. ರೇಡ್‌ನಲ್ಲಿ ಬಡಿತವಿಲ್ಲ, ಮುನ್ಸೂಚನೆ ಕೊಡದೆ ಒಳಹೊಕ್ಕು, ಬೇಕಾದ್ದನ್ನು ಹುಡುಕಿ ವಶಪಡಿಸಿಕೊಂಡು ಹೊರಡುವುದಿದೆ.

ಇನ್ನೊಂದು ತಪ್ಪನ್ನು ನಮ್ಮ ವೃತ್ತಿಯವರೇ ಮಾಡಿದ್ದೇವೆ ಎಂದು ಮನಸಾರೆ ಒಪ್ಪಿಕೊಳ್ಳುತ್ತೇನೆ. ಲಗ್ಗೆ ಎಂಬುದು ಕೋಟೆಯ ಪದ. ಮುತ್ತಿಗೆ ಎಂದರೆ ಸುತ್ತುವರಿದು ಕಾಯುವುದು, ಲಗ್ಗೆ ಎಂದರೆ ಕಾಯುವುದನ್ನು ಬಿಟ್ಟು ಏಣಿ ಹಾಕಿ ಗೋಡೆ ಹತ್ತಿ ನುಗ್ಗುವುದು. ಇಂಗ್ಲಿಷಿನಲ್ಲಿ ಕೋಟೆಯನ್ನು ಸ್ಟಾರ್ಮ್ ಮಾಡಿದರು ಎಂದರೆ ಇದೇ. ಇಷ್ಟು ಖಚಿತವಾದ ಪದವನ್ನು ನಾವು ‘ಹೊಸ ಬೈಕ್ ಮಾರುಕಟ್ಟೆಗೆ ಲಗ್ಗೆ’, ‘ಮಾವು ಮಾರುಕಟ್ಟೆಗೆ ಲಗ್ಗೆ’ ಎಂದು ಬರೆದು ಬರೆದು ಸವೆಸಿದೆವು. ಈಗ ಇತಿಹಾಸದ ಲೇಖನದಲ್ಲಿ ಲಗ್ಗೆ ಎಂದು ಓದಿದ ಎಳೆಯರಿಗೆ ಅಂಗಡಿಯ ಗಾಜಿನ ಕಪಾಟು ನೆನಪಾದರೆ ಅದರ ಹೊಣೆ ನಮ್ಮದು.

ಗದಗದ ನಿವೃತ್ತ ಇತಿಹಾಸ ಅಧ್ಯಾಪಕ:

ರೇಡ್ ಪದದ ಬಗ್ಗೆ ನನಗೆ ಹೇಳುವುದು ಬಹಳವಿದೆ, ಏಕೆಂದರೆ ಅದರ ಅರ್ಥ ನಮ್ಮ ಜಿಲ್ಲೆಯ ಹೊಲದ ಬದುಗಳಲ್ಲಿ ಕಲ್ಲಾಗಿ ನಿಂತಿದೆ.

ಹಳೆಯ ಇಂಗ್ಲಿಷಿನಲ್ಲಿ ರಾಡ್ ಎಂದರೆ ಕುದುರೆ ಸವಾರಿ. ದಕ್ಷಿಣದ ಉಚ್ಚಾರದಲ್ಲಿ ಅದು ರೋಡ್ ಆಗಿ ದಾರಿ ಎಂಬ ಅರ್ಥ ಪಡೆಯಿತು. ಉತ್ತರದಲ್ಲಿ, ಸ್ಕಾಟ್ಲೆಂಡಿನ ಕಡೆ, ರೇಡ್ ಆಗಿ ಉಳಿದು, ಕುದುರೆ ಏರಿ ನೆರೆಯವರ ಸೀಮೆಗೆ ನುಗ್ಗುವುದು ಎಂಬ ಅರ್ಥ ಪಡೆಯಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯಲ್ಲಿ ಶತಮಾನಗಳ ಕಾಲ ಹೀಗೆ ರಾತ್ರೋರಾತ್ರಿ ಹೋಗಿ ದನ ಹೊಡೆದುಕೊಂಡು ಬರುವುದು ನಡೆದಿತ್ತು. ಮರೆತುಹೋಗಿದ್ದ ಆ ಪದವನ್ನು 19ನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಸಾಹಿತಿ ವಾಲ್ಟರ್ ಸ್ಕಾಟ್ ಮತ್ತೆ ಬಳಕೆಗೆ ತಂದ ಮೇಲೆ ಇಂಗ್ಲಿಷಿನವರೆಲ್ಲ ಅದನ್ನು ಎತ್ತಿಕೊಂಡರು.

ಇದಕ್ಕೆ ಕನ್ನಡದಲ್ಲಿ ಪದವಿಲ್ಲ ಎನ್ನುವವರು ಗದಗ, ಹಾವೇರಿ ಜಿಲ್ಲೆಗಳ ವೀರಗಲ್ಲುಗಳ ಮುಂದೆ ಒಮ್ಮೆ ಕುಳಿತುಕೊಳ್ಳಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸನ್ನಿಧಿ. ಕೆಳಗಿನ ಪಟ್ಟಿಕೆಯ ಒಂದು ಅಂಚಿನಲ್ಲಿ ದನಗಳ ಸಾಲು ಇದ್ದರೆ ಅದು ತುರುಗೊಳ್. ತುರು ಎಂದರೆ ಹಸು, ಕೊಳ್ ಎಂದರೆ ಹಿಡಿದುಕೊಳ್ಳುವುದು. ಮಹಾಭಾರತದ ವಿರಾಟನಗರಿಯ ಗೋಗ್ರಹಣವೂ ಅದೇ. ನಾನು ಒಂದು ಕಲ್ಲನ್ನು ಬಹಳ ಹೊತ್ತು ನೋಡಿದ್ದೇನೆ. ಅದರಲ್ಲಿ ದನಗಳ ಮುಖ ಕಾಳಗದ ಕಡೆಗಿಲ್ಲ. ಅವು ಬೆನ್ನು ತಿರುಗಿಸಿ ಹೋಗುತ್ತಿವೆ, ಕೊನೆಯ ಕರು ಮಾತ್ರ ಕತ್ತು ಹೊರಳಿಸಿದೆ. ಶಿಲ್ಪಿ ಕೆತ್ತಿದ್ದು ರೇಡ್ ಎಂಬ ಪದದ ನಿಜವಾದ ಅರ್ಥವನ್ನು: ಅಲ್ಲಿ ಬಂದವರ ಗುರಿ ಕೊಲ್ಲುವುದಲ್ಲ, ಕೊಂಡೊಯ್ಯುವುದು. ಕೊಲೆ ನಡೆಯುವುದು ತಡೆಯಲು ಹೋದವನಿಂದಾಗಿ, ಕಲ್ಲು ನಿಲ್ಲುವುದು ತಡೆದವನಿಗೆ. ಉಪಸಂಪಾದಕರು ಹೇಳಿದ ಲೋಕಾಯುಕ್ತ ದಾಳಿಯಲ್ಲೂ ಈ ಹೊಕ್ಕು ಕೊಂಡೊಯ್ಯುವ ಗುಣವೇ ಇದೆ. ದಾಳಿ ಪದಕ್ಕೂ ಮೂಲದಲ್ಲಿ ಈ ಬಣ್ಣವಿತ್ತೆಂದು ನನ್ನ ನಂಬಿಕೆ. ಮರಾಠಿಯ ಧಾಡ ಇಂದಿಗೂ ದರೋಡೆಕೋರರು ಬಿದ್ದದ್ದಕ್ಕೂ ಪೊಲೀಸರು ಬಿದ್ದದ್ದಕ್ಕೂ ಒಂದೇ.

ಇನ್ನೊಂದು ಪದ, ಸ್ಯಾಲಿ. ಇದನ್ನು ಶಿಕ್ಷಕಿಯವರು ಕೇಳಿಲ್ಲ, ಆದರೆ ನಮ್ಮ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆಯುವ ಮಕ್ಕಳಿಗೆ ಬೇಕಾಗುತ್ತದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತದ್ದು ಮುತ್ತಿಗೆಯಲ್ಲಿ ಅಲ್ಲ, ಲಗ್ಗೆಯಲ್ಲಿ ಅಲ್ಲ. ಒಳಗಿದ್ದವರು ಬಾಗಿಲು ತೆರೆದು ಒಮ್ಮೆಲೇ ಹೊರಬಿದ್ದು ಹೊರಗಿದ್ದವರ ಮೇಲೆ ಎರಗಿದರು. ಮುತ್ತಿದವರ ಮೇಲೆ ಮುತ್ತಲ್ಪಟ್ಟವರು ಹೀಗೆ ನುಗ್ಗುವುದೇ ಸ್ಯಾಲಿ. ಫ್ರೆಂಚಿನಿಂದ ಬಂದ ಸಾರ್ಟಿ ಎಂಬ ಇನ್ನೊಂದು ಪದಕ್ಕೂ ಮೊದಲು ಇದೇ ಅರ್ಥ. ಈಗ ಅದು ಯುದ್ಧವಿಮಾನದ ಒಂದೊಂದು ಹಾರಾಟಕ್ಕೆ ಸಲ್ಲುತ್ತದೆ. ಕಿತ್ತೂರಿನ ಅಟ್ಯಾಕ್ ಎಂದು ಬರೆದರೆ ಯಾರು ಯಾರ ಮೇಲೆ ಬಿದ್ದರು ಎಂಬುದೇ ತಿಳಿಯುವುದಿಲ್ಲ. ಹಾಗೆಯೇ 1858ರಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನ ಮೇಲೆ ರಾತ್ರಿ ಎರಗಿದ್ದನ್ನು ಆನ್‌ಸ್ಲಾಟ್ ಎಂದು ಬರೆದ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ಅದು ಕತ್ತಲಲ್ಲಿ ಒಮ್ಮೆ ಬಿದ್ದ ಪೆಟ್ಟು. ಸರ್ಪ್ರೈಸ್ ಅಟ್ಯಾಕ್ ಎಂಬ ಸಾದಾ ಮಾತು ಅಲ್ಲಿ ಸಾಕು.

ಧಾರವಾಡದ ವಕೀಲ:

ಅಸಾಲ್ಟ್ ಬಗ್ಗೆ ಮಾತ್ರ ಬರೆಯುತ್ತೇನೆ. ಇಲ್ಲಿ ಪದ ತಪ್ಪಿದರೆ ಅಂಕ ಹೋಗುವುದಿಲ್ಲ, ಮೊಕದ್ದಮೆ ಹೋಗುತ್ತದೆ.

ಪತ್ರಿಕೆಯಲ್ಲಿ ಹಲ್ಲೆ ಎಂದರೆ ಹೊಡೆದರು ಎಂದು ಅರ್ಥ. ನಮ್ಮ ಕಾನೂನಿನ ಕನ್ನಡದಲ್ಲಿ ಹಲ್ಲೆ ಎಂಬುದು ಅಸಾಲ್ಟ್‌ನ ಅನುವಾದ. ಕಾನೂನಿನ ಅಸಾಲ್ಟ್‌ಗೆ ಮೈಮುಟ್ಟುವ ಅಗತ್ಯವೇ ಇಲ್ಲ. 1860ರ ಭಾರತೀಯ ದಂಡ ಸಂಹಿತೆಯ 351ನೆಯ ಕಲಮಿನಲ್ಲಿದ್ದ ಈ ವ್ಯಾಖ್ಯೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 130ನೆಯ ಕಲಮಾಗಿದೆ. ಈಗಲೇ ಬಲಪ್ರಯೋಗ ಆಗಿಬಿಡುತ್ತದೆ ಎಂಬ ಭಯವನ್ನು ಎದುರಿಗಿರುವವರಲ್ಲಿ ಹುಟ್ಟಿಸುವ ಉದ್ದೇಶದಿಂದ, ಅಥವಾ ಹಾಗೆ ಭಯ ಹುಟ್ಟೀತೆಂದು ತಿಳಿದೂ, ಸನ್ನೆ ಮಾಡಿದರೆ ಅಥವಾ ಸಿದ್ಧತೆ ತೋರಿದರೆ ಸಾಕು. ಕಾನೂನೇ ಕೊಡುವ ಉದಾಹರಣೆ ಮುಷ್ಟಿ ಆಡಿಸಿದವನದು. ಮುಷ್ಟಿ ತಗುಲಿದರೆ ಅದು ಇನ್ನೊಂದು ಅಪರಾಧ, ಕ್ರಿಮಿನಲ್ ಫೋರ್ಸ್. ಅದರ ವ್ಯಾಖ್ಯೆ ಹಿಂದಿನ ಕಲಮಿನಲ್ಲೇ ಬೇರೆಯಾಗಿದೆ. ಬರೀ ಮಾತು ಅಸಾಲ್ಟ್ ಆಗುವುದಿಲ್ಲ ಎಂದೂ ವಿವರಣೆಯಲ್ಲಿ ಸ್ಪಷ್ಟವಾಗಿ ಹೇಳಿದೆ, ಆದರೆ ಸನ್ನೆಗೆ ಆ ಅರ್ಥವನ್ನು ಕೊಡುವ ಶಕ್ತಿ ಮಾತಿಗೆ ಉಂಟು.

ಕೆಲವು ವರ್ಷಗಳ ಹಿಂದೆ ಹಳ್ಳಿಯೊಂದರ ಹೆಣ್ಣುಮಗಳು ನನ್ನ ಬಳಿ ಬಂದಿದ್ದರು. ಹೊಲದ ದಾರಿಯ ವ್ಯಾಜ್ಯದಲ್ಲಿ ಪಕ್ಕದ ಹೊಲದವನು ಅವರ ಎದುರಿಗೆ ಬಡಿಗೆ ಎತ್ತಿ ನಿಂತಿದ್ದ, ಹೊಡೆದಿರಲಿಲ್ಲ. ಅರ್ಜಿ ಬರೆದುಕೊಟ್ಟವರು ಹಲ್ಲೆ ಮಾಡಿದನು ಎಂದು ಬರೆದರು. ಅರ್ಜಿ ಪಡೆದವರು ಗಾಯ ಎಲ್ಲಿದೆ ತೋರಿಸಿ ಎಂದರು. ಗಾಯವಿಲ್ಲವಾದ್ದರಿಂದ ಆಕೆ ಸುಳ್ಳು ಹೇಳುತ್ತಿದ್ದಾರೆ ಎಂಬಂತಾಯಿತು. ಕಾನೂನಿನ ಪ್ರಕಾರ ಆ ಪದ ಸರಿಯಾಗಿಯೇ ಇತ್ತು, ಓದಿದವರ ಮನಸ್ಸಿನಲ್ಲಿದ್ದದ್ದು ಪತ್ರಿಕೆಯ ಅರ್ಥ. ಆ ಹೆಣ್ಣುಮಗಳು ನನಗೆ ಹೇಳಿದ ಮಾತು ಇಂದಿಗೂ ನೆನಪಿದೆ: “ಕೈ ಎತ್ತ್ಯಾನ್ರಿ, ಕೈ ಮಾಡಿಲ್ಲ.” ಕೈ ಎತ್ತುವುದು ಅಸಾಲ್ಟ್, ಕೈ ಮಾಡುವುದು ಕ್ರಿಮಿನಲ್ ಫೋರ್ಸ್. ಎರಡು ಕಲಮುಗಳ ನಡುವಿನ ಗೆರೆಯನ್ನು ಆಕೆ ನಾಲ್ಕು ಪದಗಳಲ್ಲಿ ಎಳೆದಿದ್ದರು. ಅಂದಿನಿಂದ ನಾನು ಯಾವುದೇ ದೂರಿನಲ್ಲಿ ಬರಿದೆ ಹಲ್ಲೆ ಎಂದು ಬಿಡುವುದಿಲ್ಲ; ಏನನ್ನು ಎತ್ತಿದರು, ಎಷ್ಟು ದೂರದಲ್ಲಿ ನಿಂತಿದ್ದರು, ಮುಟ್ಟಿದರೋ ಇಲ್ಲವೋ ಎಂಬುದನ್ನು ಅವರವರ ಮಾತಿನಲ್ಲೇ ಬರೆಸುತ್ತೇನೆ.

ಗದಗದ ಕ್ರಿಕೆಟ್ ತರಬೇತುದಾರ:

ಆಟದ ಕಡೆಯಿಂದ ಒಂದು ಮಾತು. ಕ್ರಿಕೆಟಿನಲ್ಲಿ ಅಟ್ಯಾಕ್ ಎಂಬ ನಾಮಪದ ಬೌಲರುಗಳ ಪಾಲು, ಬ್ಯಾಟ್ಸ್‌ಮನ್ ಎಷ್ಟೇ ಬಡಿದರೂ ಅದು ಅವನ ತಂಡದ ಅಟ್ಯಾಕ್ ಆಗುವುದಿಲ್ಲ. ಅವನದು ಅಸಾಲ್ಟ್, ಆನ್‌ಸ್ಲಾಟ್, ಬ್ಲಿಟ್ಜ್. ಬೌಲಿಂಗ್ ದಾಳಿ ಎಂದು ಕನ್ನಡದಲ್ಲೂ ನಾವು ಇದನ್ನೇ ಉಳಿಸಿಕೊಂಡಿದ್ದೇವೆ. ಅಟ್ಯಾಕ್ ಎಂದರೆ ಯಾವಾಗಲೂ ಉಗ್ರವಾಗಿರಬೇಕು ಎಂದುಕೊಂಡಿರುವ ಮಕ್ಕಳಿಗೆ ನಮ್ಮೂರಿನ ಸುನಿಲ್ ಜೋಶಿಯವರ ಬೌಲಿಂಗ್ ಹೇಳಬೇಕು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್. ನಿಧಾನಗತಿಯ ಎಡಗೈ ಸ್ಪಿನ್. ಯಾರೂ ಅದನ್ನು ಆನ್‌ಸ್ಲಾಟ್ ಎನ್ನಲಾರರು, ಆದರೆ ಅದಕ್ಕಿಂತ ಒಳ್ಳೆಯ ಅಟ್ಯಾಕ್ ಕಾಣುವುದು ಕಷ್ಟ.

ಮುಂಡರಗಿಯ ರೈತ:

ಬ್ಯಾರೇಜ್ ಎಂಬ ಪದ ಈ ಸಾಲಿನಲ್ಲಿ ಕಂಡು ನನಗೆ ಆಶ್ಚರ್ಯವಾಯಿತು. ನಮಗೆ ಬ್ಯಾರೇಜ್ ಎಂದರೆ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿರುವ ಸಿಂಗಟಾಲೂರು ಯೋಜನೆಯ ಗೇಟುಗಳ ಸಾಲು. ಅದು ದಾಳಿ ಹೇಗೆ ಆಗುತ್ತದೆ?

ಹುಬ್ಬಳ್ಳಿಯ ಅನುವಾದಕ:

ಎರಡೂ ಒಂದೇ ಪದ, ಮತ್ತು ನಿಮ್ಮದೇ ಹಿರಿಯ ಅರ್ಥ. ಫ್ರೆಂಚಿನಲ್ಲಿ ಬಾರೆ ಎಂದರೆ ಅಡ್ಡಗಟ್ಟು. ಬ್ಯಾರೇಜ್ ಎಂದರೆ ಅಡ್ಡಗಟ್ಟೆ. ಮೊದಲ ಮಹಾಯುದ್ಧದಲ್ಲಿ ಫಿರಂಗಿಗಳು ಒಂದು ಗೆರೆಯುದ್ದಕ್ಕೂ ಎಡೆಬಿಡದೆ ಗುಂಡು ಬೀಳಿಸಿ, ವೈರಿಯ ಸೈನಿಕರು ಅದನ್ನು ದಾಟಿ ಬಾರದಂತೆ ಬೆಂಕಿಯ ಗೋಡೆ ಎಬ್ಬಿಸುತ್ತಿದ್ದವು. ಅದಕ್ಕೆ ಫ್ರೆಂಚರು ಅಡ್ಡಗಟ್ಟುವ ಗುಂಡು ಎಂದು ಹೆಸರಿಟ್ಟರು, ಇಂಗ್ಲಿಷರು ಬ್ಯಾರೇಜ್ ಎಂಬಷ್ಟನ್ನೇ ಎತ್ತಿಕೊಂಡರು. ಪ್ರಶ್ನೆಗಳ ಬ್ಯಾರೇಜ್ ಎಂದರೆ ಬರೀ ಬಹಳ ಪ್ರಶ್ನೆಗಳಲ್ಲ, ಉತ್ತರಿಸುವವನು ಆಚೆ ದಾಟಲು ಬಿಡದಷ್ಟು ಪ್ರಶ್ನೆಗಳು. ಕನ್ನಡದಲ್ಲಿ ನಾವು ಪ್ರಶ್ನೆಗಳ ಸುರಿಮಳೆ ಎನ್ನುತ್ತೇವೆ. ಅವರದು ಗೋಡೆ, ನಮ್ಮದು ಮಳೆ. ಅನುವಾದಕನಾಗಿ ನಾನು ಮಳೆಯನ್ನೇ ಆರಿಸುತ್ತೇನೆ, ಏಕೆಂದರೆ ಕನ್ನಡದ ಓದುಗರಿಗೆ ಅದು ಮೈಮೇಲೆ ಬಿದ್ದಂತೆ ಆಗುತ್ತದೆ.

ಬ್ಲಿಟ್ಜ್ ಬಗ್ಗೆಯೂ ಹೇಳಿ ಮುಗಿಸುತ್ತೇನೆ. ಜರ್ಮನ್ನಿನಲ್ಲಿ ಅದು ಮಿಂಚು. ಮಿಂಚು ಕ್ಷಣದಲ್ಲಿ ಮುಗಿಯುತ್ತದೆ, ಆದರೆ ಲಂಡನ್ ನಗರದ ಮೇಲಿನ ಬ್ಲಿಟ್ಜ್ 1940ರ ಸೆಪ್ಟೆಂಬರ್ 7ರಂದು ಶುರುವಾಗಿ 1941ರ ಮೇ ತಿಂಗಳವರೆಗೂ ನಡೆಯಿತು. ಆ ದೀರ್ಘ ಬಾಂಬು ದಾಳಿಗೆ ಮಿಂಚಿನ ದಾಳಿ ಎಂದು ಬರೆಯುವುದು ತಪ್ಪು ಚಿತ್ರ ಕೊಡುತ್ತದೆ. ಅಲ್ಲಿ ಬ್ಲಿಟ್ಜ್ ಎಂದೇ ಬಿಡುವುದು ಒಳ್ಳೆಯದು. ಚದುರಂಗದ ಬ್ಲಿಟ್ಜ್ ಆಟಕ್ಕಾದರೆ ಮಿಂಚಿನ ಆಟ ಎಂಬುದು ಅಚ್ಚುಕಟ್ಟಾಗಿ ಹೊಂದುತ್ತದೆ.

ಹಾವೇರಿಯ ಕನ್ನಡ ಅಧ್ಯಾಪಕ:

ಇಷ್ಟು ಹೊತ್ತು ಎಲ್ಲರೂ ನಾಮಪದಗಳನ್ನು ಹಿಡಿದು ಮಾತನಾಡುತ್ತಿದ್ದೀರಿ. ಕನ್ನಡದ ಬಲ ಇರುವುದು ಕ್ರಿಯಾಪದದಲ್ಲಿ. ಆ ಹುಡುಗ “ಏರಿ ಬಂತು” ಎಂದಾಗ ಅವನು ನಾಮಪದ ಹುಡುಕಲೇ ಇಲ್ಲ ಎಂಬುದನ್ನು ಗಮನಿಸಬೇಕು. ಎರಗು ಎಂಬ ಒಂದು ಪದವನ್ನೇ ನೋಡಿ. ಹಳಗನ್ನಡದಿಂದಲೂ ಅದಕ್ಕೆ ಪಾದಕ್ಕೆ ಬಾಗು ಎಂಬ ಅರ್ಥವೂ ಉಂಟು, ಮೇಲಿನಿಂದ ಬೀಳು ಎಂಬ ಅರ್ಥವೂ ಉಂಟು. ಗಿಡುಗ ಎರಗುತ್ತದೆ, ಭಕ್ತನೂ ಎರಗುತ್ತಾನೆ. ಮೈ ಕೆಳಗೆ ಬಾಗುವುದೊಂದೇ ಎರಡಕ್ಕೂ ಸಮಾನ.

ನಮ್ಮ ಸೀಮೆಯಲ್ಲಿ ದೀಪಾವಳಿ ಬಂದರೆ ಹೋರಿ ಬೆದರಿಸುವ ಆಟ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ರಿಬ್ಬನ್ನು ಕಟ್ಟಿಸಿಕೊಂಡ ಹೋರಿ ಅಖಾಡದ ಬಾಯಿಗೆ ಬಂದು ನಿಂತಾಗ, ಎರಡೂ ಬದಿಯ ಜನ ಒಂದು ಕ್ಷಣ ಉಸಿರು ಹಿಡಿಯುತ್ತಾರೆ. ಬರೀ ಓಡುವ ಹೋರಿಗೂ ಹಾಯುವ ಹೋರಿಗೂ ಇರುವ ವ್ಯತ್ಯಾಸ ಇಲ್ಲಿಯ ಮಗುವಿಗೂ ಗೊತ್ತು. ಹಾಯುವ ಹೋರಿ ತಲೆಯನ್ನು ಸ್ವಲ್ಪ ತಗ್ಗಿಸುತ್ತದೆ, ಒಂದು ಕೊಂಬನ್ನು ಓರೆ ಮಾಡುತ್ತದೆ, ನಂತರ ನೆಲ ಬಿಟ್ಟು ಬರುತ್ತದೆ. ಇಂಗ್ಲಿಷಿನವರು ಇದಕ್ಕೆ ಬುಲ್ ಚಾರ್ಜ್ ಮಾಡಿತು ಎನ್ನುತ್ತಾರೆ, ಕೊಂಬು ಹೊಕ್ಕರೆ ಗೋರ್ ಎನ್ನುತ್ತಾರೆ. ನಮಗೆ ಎರಡಕ್ಕೂ ಹಾಯು ಒಂದೇ ಸಾಕು.

ಹಾಯು ಎಂಬುದರ ಹಳೆಯ ರೂಪ ಪಾಯ್. ಅದಕ್ಕೆ ಜಿಗಿ, ಹಾರು, ದಾಟು ಎಂಬ ಅರ್ಥಗಳು. ಹೊಳೆ ಹಾಯುವುದೂ ಅದೇ. ಮಂತ್ರಿಗಳು ವಿರೋಧ ಪಕ್ಷದ ಮೇಲೆ ಹರಿಹಾಯ್ದರು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದರ ಹಿಂದೆ ಈ ಹೋರಿಯ ತಗ್ಗಿದ ತಲೆ ಇದೆ. ವಾಗ್ದಾಳಿ ಎಂಬ ಜೋಡಿಸಿದ ಪದಕ್ಕಿಂತ ನನಗೆ ಇದು ಎಷ್ಟೋ ಹೆಚ್ಚು ಜೀವಂತವಾಗಿ ಕಾಣುತ್ತದೆ.

ಹುಬ್ಬಳ್ಳಿಯ ಅನುವಾದಕ:

ಅಧ್ಯಾಪಕರೇ, ನಾನು ಹೇಳದೆ ಬಿಟ್ಟಿದ್ದ ತುಂಡು ನಿಮ್ಮ ಕೈಯಲ್ಲಿತ್ತು. ಅಸಾಲ್ಟ್ ಪದದ ಬೇರು ಲ್ಯಾಟಿನ್ನಿನ ಸಾಲೀರೆ. ಅದರ ಅರ್ಥ ಜಿಗಿ. ಅದಕ್ಕೆ ಮುಂದೆ ಸೇರಿರುವ ಅದ್ ಎಂಬುದು ಕಡೆಗೆ, ಮೇಲೆ ಎಂಬ ಸೂಚನೆ. ಅಸಾಲ್ಟ್ ಎಂದರೆ ಮೇಲೆ ಹಾಯುವುದು. ಮೇಲೆ ಬೀಳು ಎಂಬರ್ಥದ ಅಸೇಲ್ ಕೂಡ ಅದೇ ಬೇರು. ಇತಿಹಾಸದ ಗುರುಗಳು ಹೇಳಿದ ಸ್ಯಾಲಿ ಕೂಡ ಅದೇ ಸಾಲೀರೆಯಿಂದ ಫ್ರೆಂಚಿನ ಮೂಲಕ ಬಂದದ್ದು. ಕಿತ್ತೂರಿನ ಬಾಗಿಲಿನಿಂದ ಹೊರಗೆ ಹಾಯ್ದವರಿಗೆ ಅದಕ್ಕಿಂತ ಸರಿಯಾದ ಪದವಿಲ್ಲ.

ಇನ್ನೂ ಒಂದಿದೆ. ಇನ್ಸಲ್ಟ್ ಎಂದರೆ ಇಂದು ಅವಮಾನ. ಅದರ ಬೇರೂ ಸಾಲೀರೆಯೇ, ಮೇಲೆ ಜಿಗಿಯುವುದೇ. 17ನೆಯ ಶತಮಾನದ ಇಂಗ್ಲಿಷಿನಲ್ಲಿ ಇನ್ಸಲ್ಟ್ ಎಂದರೆ ದಾಳಿ ಎಂಬ ಅರ್ಥವೂ ಇತ್ತು, ಮೆದುಳಿಗೆ ಆದ ಪೆಟ್ಟನ್ನು ವೈದ್ಯರು ಇಂದಿಗೂ ಇನ್ಸಲ್ಟ್ ಎನ್ನುತ್ತಾರೆ. ಮೈಮೇಲೆ ಹಾಯುವ ಪದ ಅಲ್ಲಿ ಮಾತಿನಿಂದ ಹಾಯುವ ಪದವಾಯಿತು, ಇಲ್ಲಿ ಹರಿಹಾಯು ಕೂಡ ಹಾಗೆಯೇ ಆಯಿತು. ಎರಡು ಭಾಷೆಗಳೂ ಒಂದೇ ದಾರಿ ಹಿಡಿದಿವೆ ಎಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ಚಾರ್ಜ್ ಮಾತ್ರ ಈ ಗುಂಪಿಗೆ ಸೇರದು. ಅದು ಬಂಡಿಗೆ ಹೇರು ಹೇರುವುದರಿಂದ ಹುಟ್ಟಿದ ಪದ. ಹೇರುವುದು ಬಂದೂಕಿಗೆ ಮದ್ದು ತುಂಬುವುದಾಗಿ, ಅಲ್ಲಿಂದ ಮುನ್ನುಗ್ಗುವುದು ಆಗಿರಬಹುದು. ಲಾಠಿ ಚಾರ್ಜನ್ನು ಲಾಠಿ ಪ್ರಹಾರ ಎಂದು ಕನ್ನಡಿಸಿದವರು ನುಗ್ಗುವುದನ್ನು ಬಿಟ್ಟು ಹೊಡೆತವನ್ನು ಆರಿಸಿಕೊಂಡರು. ಲಾಠಿಯ ಏಟು ತಿಂದವರಿಗೆ ನೆನಪಿರುವುದು ಅದೇ ಆದ್ದರಿಂದ ಆ ಆಯ್ಕೆ ಸರಿ ಎಂದೇ ನನ್ನ ಅಭಿಪ್ರಾಯ.

ಧಾರವಾಡದ ಇಂಗ್ಲಿಷ್ ಶಿಕ್ಷಕಿ:

ಎಲ್ಲರಿಗೂ ವಂದನೆಗಳು. ಇಂದು ತರಗತಿಯಲ್ಲಿ ನಾನು ನಿಘಂಟನ್ನು ಮೇಜಿನ ಮೇಲೆ ಮುಚ್ಚಿಟ್ಟು, ಆ ಹುಡುಗನನ್ನು ಮುಂದೆ ಕರೆದು, ನಾಯಿ ಬಂದದ್ದು ಹೇಗೆ ಎಂದು ಮಾಡಿ ತೋರಿಸು ಎಂದೆ. ಅವನು ನಾಚಿದ, ನಂತರ ಎರಡು ಕೈ ಮುಂದೆ ಚಾಚಿ ನನ್ನ ಮೇಜಿನ ಕಡೆಗೆ ಒಂದು ಸಲ ಜಿಗಿದ. ಕಚ್ಚಿತೇ ಎಂದು ಕೇಳಿದೆ. ಇಲ್ಲ, ಬಾಯಿ ಹಾಕಿತು, ಅಂಗಿ ಅಷ್ಟೇ ಸಿಕ್ಕಿತು ಎಂದ. ಒಂದೇ ನಾಯಿಯೇ? ಒಂದೇ. ಯಾರಾದರೂ ಛೂ ಬಿಟ್ಟಿದ್ದರೇ? ಇಲ್ಲ, ತಾನಾಗಿ ಬಂತು.

ಕಪ್ಪುಹಲಗೆಯ ಮೇಲೆ ಉತ್ತರಗಳ ಎದುರಿಗೆ ಪದಗಳನ್ನು ಬರೆದೆವು. ಒಂದೇ ನಾಯಿ, ಒಂದೇ ಸಲ, ಆದ್ದರಿಂದ ಆನ್‌ಸ್ಲಾಟ್ ಅಳಿಸಿದೆವು. ಛೂ ಬಿಟ್ಟಿದ್ದರೆ ಸೆಟ್ ದಿ ಡಾಗ್ ಆನ್ ಎನ್ನಬಹುದಿತ್ತು, ಅದೂ ಹೋಯಿತು. ಅಸಾಲ್ಟ್ ಮನುಷ್ಯರಿಗೆ ಸಲ್ಲುವ ಪದ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಾನೇ ಹೇಳಿದಳು. ಅವಳ ತಂದೆ ಪೊಲೀಸ್ ಇಲಾಖೆಯಲ್ಲಿದ್ದಾರೆ. ಕೊನೆಗೆ ವೆಂಟ್ ಫಾರ್ ಮತ್ತು ಫ್ಲೂ ಅಟ್ ಎಂಬೆರಡು ಉಳಿದವು. ಎರಡೂ ಚಿಕ್ಕ ಪದಗಳು, ಪರೀಕ್ಷೆಯಲ್ಲಿ ಅಂಕ ಬರುವಂತೆ ಕಾಣುವುದಿಲ್ಲ ಎಂದು ಹುಡುಗನಿಗೆ ಸಂಶಯ. ಅಂಕ ಕೊಡುವವಳು ನಾನೇ ಎಂದೆ.

ಅವನು ಪಟ್ಟಿಯ ಆ ಹಾಳೆಯ ಮೇಲೆ ಮತ್ತೆ ರಬ್ಬರ್ ಹಾಕಲು ಹೋದ, ತಡೆದೆ. ಇನ್ನೊಂದು ಸ್ವಲ್ಪ ಉಜ್ಜಿದ್ದರೆ ಹರಿಯುತ್ತಿತ್ತು. ಕೆಳಗಿನ ಖಾಲಿ ಸಾಲಿನಲ್ಲಿ ಅವನು ಹೊಸದಾಗಿ ಬರೆದ: ‘ದಿ ಡಾಗ್ ಫ್ಲೂ ಅಟ್ ಮೈ ಬ್ರದರ್ ಅಂಡ್ ಗಾಟ್ ಹಿಸ್ ಶರ್ಟ್.’ ಅಂಗಿಯ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ.